ಕ್ರೂಸ್ ಲೈಟ್ ಬರುತ್ತೆ, ಸೆಟ್ ಆಗಲ್ಲ: ತೊಂದರೆ ಇದ್ದದ್ದು ಬ್ರೇಕ್ ಪೆಡಲ್ ಹತ್ತಿರ

ನನ್ನ ಕಾರಿನಲ್ಲಿ ಕ್ರೂಸ್ (ಆಕ್ಸಿಲರೇಟರ್ ಒತ್ತದೆಯೇ ಒಂದೇ ವೇಗ ಕಾಯ್ದುಕೊಳ್ಳುವ ವ್ಯವಸ್ಥೆ) ಬಟನ್ ಒತ್ತಿದರೆ ಮೀಟರ್‌ನಲ್ಲಿ ಲೈಟ್ ಬರುತ್ತಿತ್ತು. 80 ಕಿ.ಮೀ. ವೇಗದಲ್ಲಿ ಸೆಟ್ ಒತ್ತಿದರೆ ಮಾತ್ರ ಆ ವೇಗ ಹಾಗೇ ಉಳಿಯುತ್ತಿರಲಿಲ್ಲ.

ಫ್ಯೂಸ್ ನೋಡಿದೆ, ಸರಿ ಇತ್ತು. ಬ್ಯಾಟರಿ ಬಿಚ್ಚಿ ಹಾಕಿದೆ. ಗ್ಯಾರೇಜಿನವರ ಮಾತು ಕೇಳಿ ಸ್ಟೀರಿಂಗ್ ಸ್ವಿಚ್ಚನ್ನೂ ಬದಲಿಸಿದೆ. ಸುಮ್ನೆ ದುಡ್ಡು ಹೋಯಿತು. ಲೈಟ್ ಬರುತ್ತಿದೆ ಅಂದರೆ ಆ ಸ್ವಿಚ್ ಮೇಲೆ ಮೊದಲೇ ಅನುಮಾನ ಪಡಬಾರದು.

ಹಲವು ಗಾಡಿಗಳಲ್ಲಿ ಬ್ರೇಕ್ ಪೆಡಲ್ ಮೇಲಿನ ಸ್ವಿಚ್ಚಿನಲ್ಲಿ ಎರಡು ಜೋಡಿ ಸಂಪರ್ಕ ಇರುತ್ತವೆ. ಒಂದು ಬ್ರೇಕ್ ಲೈಟಿಗೆ, ಪೆಡಲ್ ಒತ್ತಿದಾಗ ಕೂಡುತ್ತದೆ. ಇನ್ನೊಂದು ಕ್ರೂಸ್‌ಗೆ, ಪೆಡಲ್ ಒತ್ತಿದಾಗ ಬಿಡುತ್ತದೆ. ಎರಡೂ ತಾಳೆಯಾಗದಿದ್ದರೆ ಕಂಪ್ಯೂಟರ್ ಕ್ರೂಸ್ ಕೊಡಲ್ಲ. ಬ್ರೇಕ್ ಲೈಟ್ ಸರಿ ಉರಿಯುತ್ತಿದ್ದರಿಂದಲೇ ಯಾರೂ ಇತ್ತ ನೋಡಿರಲಿಲ್ಲ.

ಇಗ್ನಿಷನ್ ಆಫ್ ಮಾಡಿ ನಾಲ್ಕು ಪಿನ್ನಿನ ಕನೆಕ್ಟರ್ ಬಿಚ್ಚಿದೆ. ಮಲ್ಟಿಮೀಟರನ್ನು ಬೀಪ್‌ಗೆ (ಸಂಪರ್ಕ ಕೂಡಿದ್ದರೆ ಸದ್ದು ಮಾಡುತ್ತದೆ) ಇಟ್ಟು, ಪೆಡಲ್ ಮುಟ್ಟದೆ ನೋಡಿದೆ. ಒಂದು ಜೋಡಿ ಬೀಪ್ ಆಗಬೇಕಿತ್ತು, ಎರಡೂ ಆಗಲಿಲ್ಲ. ಪೆಡಲ್ ಮೇಲಿದ್ದಾಗ ಅದರ ಪಟ್ಟಿಯೇ ಸ್ವಿಚ್ಚಿನ ಕಡ್ಡಿಯನ್ನು ಒಳಗೆ ಒತ್ತಿ ಹಿಡಿಯಬೇಕು. ಬೆರಳಿನಿಂದ ಆ ಕಡ್ಡಿಯನ್ನು ಪೂರ್ತಿ ಒಳಗೆ ಒತ್ತಿದರೆ ಬೀಪ್ ಬಂತು. ಅಂದರೆ ಸ್ವಿಚ್ ಚೆನ್ನಾಗಿದೆ, ಕೂತ ಜಾಗ ಸರಿಯಿಲ್ಲ.

ಲಾಕ್ ನಟ್ ಸಡಿಲಿಸಿ, ಸ್ವಿಚ್ಚನ್ನು ಪೆಡಲ್ ಕಡೆಗೆ ಅರ್ಧ ಸುತ್ತು ತಿರುಗಿಸಿದೆ. ಸ್ವಿಚ್ ಮೈಗೂ ಪೆಡಲ್ ಪಟ್ಟಿಗೂ ನಡುವೆ ಸುಮಾರು 1 ಮಿ.ಮೀ. ಬಿಟ್ಟು ನಟ್ ಬಿಗಿ ಮಾಡಿದೆ. ನಿಮ್ಮ ಗಾಡಿಯ ಅಳತೆ ಬೇರೆ ಇರಬಹುದು, ಮ್ಯಾನುಯಲ್ ನೋಡಿ. ಜಾಸ್ತಿ ತಿರುಗಿಸಿದರೆ ಪೆಡಲ್ ಪೂರ್ತಿ ಮೇಲೆ ಬರದೆ ಬ್ರೇಕ್ ಉಜ್ಜುತ್ತದೆ.

ಈಗ ಸೆಟ್ ಆಗುತ್ತಿದೆ. ಖಾಲಿ ರಸ್ತೆಯಲ್ಲಿ ಬ್ರೇಕ್ ಮೆಲ್ಲಗೆ ಮುಟ್ಟಿ, ಕ್ರೂಸ್ ಕೂಡಲೇ ಬಿಡುತ್ತದೆಯೇ ಎಂದು ಖಂಡಿತ ನೋಡಿಕೊಳ್ಳಿ.