ಸರ್ಕಾರದ ದುಡ್ಡು ಮುಟ್ಟದೆ ತಿಂಗಳು ಕಳೆದಿದ್ದು: ನನ್ನ ಅನುಭವ

ಗೃಹಲಕ್ಷ್ಮಿ ಕಂತು ತಿಂಗಳುಗಟ್ಟಲೆ ತಡ ಆದಾಗ ನಮ್ಮ ಬೀದಿಯಲ್ಲಿ ಕೈಸಾಲಕ್ಕೆ ಹೋಗದ ಮನೆ ನಮ್ಮದೊಂದೇ. ಇದನ್ನ ಹೇಳ್ಕೊಳ್ಳೋಕೆ ನನಗೆ ಸಂಕೋಚ ಇಲ್ಲ, ಯಾಕಂದ್ರೆ ಎರಡು ವರ್ಷ ಎಲ್ಲರ ಕೈಲೂ ಅನ್ನಿಸ್ಕೊಂಡಿದ್ದೀನಿ. "ಉಣ್ಣೋಕೆ ಕೊಟ್ಟ ದುಡ್ಡಿಗೆ ಪೂಜೆ ಮಾಡ್ತಾಳಂತೆ ಇವಳು" ಅಂತ ನಮ್ಮತ್ತೆನೇ ಪಕ್ಕದ ಮನೆಯವರ ಹತ್ರ ಆಡಿಕೊಂಡಿದ್ರು. ಈಗ ಪಕ್ಕದ ಮನೆಯವರೇ ನನ್ನ ಲೆಕ್ಕದ ಪುಸ್ತಕ ನೋಡೋಕೆ ಬರ್ತಾರೆ.

ನಮ್ಮದು ತುಮಕೂರು. ರೇಷನ್ ಕಾರ್ಡಲ್ಲಿ ಐದು ತಲೆ: ಅತ್ತೆ, ಯಜಮಾನರು, ನಾನು, ಇಬ್ಬರು ಮಕ್ಕಳು. ಯಜಮಾನರದ್ದು ಪೇಂಟಿಂಗ್ ಕೂಲಿ, ಮಳೆಗಾಲದಲ್ಲಿ ಕೈ ಖಾಲಿ. ನಾನು ಮನೇಲೇ ಬ್ಲೌಸು ಹೊಲಿತೀನಿ, ಸೀರೆಗೆ ಫಾಲ್ಸು, ಕುಚ್ಚು ಹಾಕ್ತೀನಿ. ಇಬ್ಬರದ್ದೂ ಸೇರಿ ಒಳ್ಳೆ ತಿಂಗಳಲ್ಲಿ ಹತ್ತು ಸಾವಿರದ ಹತ್ತಿರ, ಮಳೆ ತಿಂಗಳಲ್ಲಿ ಆರು ಬಂದ್ರೆ ಪುಣ್ಯ. ಮನೆ ಅತ್ತೆ ಹೆಸರಲ್ಲಿರೋ ಹಳೇದು, ಬಾಡಿಗೆ ಇಲ್ಲ. ಬಾಡಿಗೆ ಕಟ್ಟೋರಿಗೆ ಈ ಲೆಕ್ಕ ಹೀಗೇ ಹೊಂದಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

2023ರಲ್ಲಿ ಯೋಜನೆಗಳು ಶುರುವಾದಾಗ ನಾವೂ ಎಲ್ಲರ ಹಾಗೇ ಲೆಕ್ಕ ಹಾಕಿದ್ವಿ. ಗೃಹಲಕ್ಷ್ಮಿ 2000, ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ತಲೆಗೆ 170ರಂತೆ 850, ಒಟ್ಟು 2850. ಅತ್ತೆಗೆ ಸಂಧ್ಯಾ ಸುರಕ್ಷಾ 1200 ಬೇರೆ ಬರುತ್ತೆ, ಅದು ಅವರ ಬಿಪಿ ಮಾತ್ರೆಗೂ ಎಲೆ ಅಡಿಕೆಗೂ, ನಾನು ಆ ಕಡೆ ಕೈ ಚಾಚಿದವಳಲ್ಲ. 2850 ತಿಂಗಳ ಸಂಬಳ ಅನ್ಕೊಂಡು 2000ಕ್ಕೆ ಸರಿಯಾಗಿ ಒಂದು ಚೀಟಿ ಹಾಕಿದ್ವಿ, 850ನ್ನ ಹಾಲಿಗೆ ಅಂತ ಬರೆದ್ವಿ. ಮೊದಲ ಕಂತುಗಳು ಬಂದ್ವು. ಆಮೇಲೆ ಒಂದು ತಿಂಗಳು ಬಿಟ್ಟು ಬಂತು, ಇನ್ನೊಂದು ಸಲ ಎರಡು ತಿಂಗಳು ಬಿಟ್ಟು ಬಂತು. ಚೀಟಿ ನಡೆಸೋರು ಕಾಯ್ತಾರಾ? ನೂರಕ್ಕೆ ಮೂರು ಬಡ್ಡಿಗೆ ತಂದು ಕಟ್ಟಿದ್ವಿ. ಚೀಟಿ ಎತ್ತೋ ಹೊತ್ತಿಗೆ ಬಡ್ಡಿ ಅಂತಲೇ ಎರಡೂವರೆ ಸಾವಿರ ಹೋಗಿತ್ತು.

ಇದರ ಮಧ್ಯೆ ಇನ್ನೊಂದು ಪ್ರಹಸನ. ಗೃಹಲಕ್ಷ್ಮಿ ಬರೋದು ಮನೆ ಯಜಮಾನಿ ಅಂತ ಅತ್ತೆ ಖಾತೆಗೆ. ಸಂಘದ ಸಾಲಕ್ಕೆ ಅಂತ ಅವರ ಹೆಸರಲ್ಲಿ ಇನ್ನೊಂದು ಬ್ಯಾಂಕಲ್ಲಿ ಖಾತೆ ಮಾಡಿಸಿದ್ವಿ. ಅಲ್ಲಿ ಆಧಾರ್ ಜೋಡಿಸಿದ್ದೇ ತಡ, ಕಂತು ಹಳೇ ಪಾಸ್‌ಬುಕ್ಕಿಗೆ ಬರೋದು ನಿಂತಿತು. ಕಚೇರಿ ಕಚೇರಿ ಅಲೆದು ಆಮೇಲೆ ಗೊತ್ತಾಯ್ತು, ಎನ್‌ಪಿಸಿಐ ಮ್ಯಾಪಿಂಗ್, ಅಂದ್ರೆ ಆಧಾರ್ ಮೇಲೆ ಬರೋ ದುಡ್ಡು ಯಾವ ಖಾತೆಗೆ ಅನ್ನೋ ಜೋಡಣೆ, ಹೊಸ ಖಾತೆಗೆ ಹೋಗಿದೆ, ದುಡ್ಡು ಅಲ್ಲಿ ಬಂದು ಕೂತಿದೆ. ಕಂತು ಬಂದಿಲ್ಲ ಅನ್ನೋರಿಗೆ ನಾನು ಈಗ ಮೊದಲು ಕೇಳೋ ಪ್ರಶ್ನೆ ಇದು: ಈಚೆಗೆ ಎಲ್ಲಾದ್ರೂ ಹೊಸ ಖಾತೆ ಮಾಡಿಸಿದ್ರಾ?

ಚೀಟಿ ಮುಗಿದ ಮೇಲೆ ನಾನು ಒಂದು ನಿಯಮ ಹಾಕ್ದೆ. ತಿಂಗಳ ಖರ್ಚು ಪೂರ್ತಿ ನಮ್ಮ ದುಡಿಮೆ ಒಳಗೇ. ಸರ್ಕಾರದ ದುಡ್ಡು ಬೇರೆ ಪುಸ್ತಕ, ಅದು ತಿಂಗಳ ಪುಸ್ತಕಕ್ಕೆ ಬರೋ ಹಾಗೇ ಇಲ್ಲ. ಆ ದುಡ್ಡು ಖಾತೆಯಿಂದ ಈಚೆ ಬರೋದು ವರ್ಷದಲ್ಲಿ ನಾಲ್ಕೇ ಸಲ: ಸಂಕ್ರಾಂತಿ ಆದ ಮೇಲೆ ತೊಗರಿ, ರಾಗಿಗೆ. ಶಿವರಾತ್ರಿ ಸುಮಾರಿಗೆ ಹುಣಸೆಹಣ್ಣು, ಮೆಣಸಿನಕಾಯಿಗೆ. ಜೂನಲ್ಲಿ ಶಾಲೆಗೆ. ದೀಪಾವಳಿ ಮುಂದೆ ಎಣ್ಣೆ, ಬಟ್ಟೆಗೆ. ಕಂತು ಯಾವ ತಿಂಗಳು ಬಂತು ಅನ್ನೋದು ಆಮೇಲೆ ಲೆಕ್ಕಕ್ಕೇ ಬರಲ್ಲ, ಮುಂದಿನ ಸುಗ್ಗಿ ಒಳಗೆ ಬಂದ್ರೆ ಸಾಕು. ಮೂರು ಕಂತು ಒಟ್ಟಿಗೆ ಬಿದ್ರೂ ಖುಷಿಗೆ ಹೋಟೆಲಿಗೆ ಹೋಗೋದಿಲ್ಲ, ಬರದೇ ಇದ್ರೂ ಒಲೆ ಆರೋದಿಲ್ಲ.

ಕೇಳೋಕೆ ಸುಲಭ. ಮೊದಲ ನಾಲ್ಕೈದು ತಿಂಗಳು ನರಕ. ಆಗಿನ್ನೂ ಕೂಡಿಟ್ಟ ಸಾಮಾನು ಇರಲಿಲ್ಲ, ದುಡಿಮೆ ದುಡ್ಡಲ್ಲೇ ಅಂಗಡಿ ಬೇಳೆನೂ ಆಗ್ಬೇಕು. ನನ್ನ ಹೊಲಿಗೆ ಮೆಷಿನ್ ಮೋಟರು ಸುಟ್ಟು ಹೋದಾಗ ಅತ್ತೆ ಪಾಸ್‌ಬುಕ್ ತಂದು ಮುಂದೆ ಹಾಕಿದ್ರು. "ತಗೊಳ್ಳೇ, ದುಡ್ಡು ಕೊಳೀತಾ ಬಿದ್ದದೆ" ಅಂದ್ರು. "ಬೇಡ ಅತ್ತೆ, ಮೆಷಿನ್ನ ಕಾಲಲ್ಲೇ ತುಳಿತೀನಿ" ಅಂದೆ. ಹದಿನೈದು ಇಪ್ಪತ್ತು ದಿನ ಕಾಲಲ್ಲೇ ತುಳಿದು, ಹೊಲಿಗೆ ದುಡ್ಡಲ್ಲೇ ಮೋಟರು ಹಾಕಿಸಿದ್ದು. ಅಲ್ಲಿಂದ ಅತ್ತೆ ಮಾತು ಕಮ್ಮಿ ಆಯ್ತು.

ತೊಗರಿ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಎಲ್ಲರೂ ಕೇಳೋದು ಅದನ್ನೇ. ನಮ್ಮ ತವರಿನ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ತೊಗರಿ, ಅವರೆ ಹಾಕ್ತಾರೆ. ಬೇಳೆ ತಗೊಳ್ಳೋ ಬದಲು ಕಾಳೇ ತಗೊಂಡು ನಾನೇ ಬೇಳೆ ಮಾಡ್ತೀನಿ ಅಂದಾಗ ನಮ್ಮ ಅಣ್ಣನೂ ನಕ್ಕ. ಮೊದಲ ವರ್ಷ ಅವನು ನಕ್ಕಿದ್ದು ಸರಿಯೇ ಇತ್ತು. ನೆನೆಸಿ, ಕೆಮ್ಮಣ್ಣಿನ ನೀರಲ್ಲಿ ಕಲಸಿ, ರಾಶಿ ಹಾಕಿ, ಒಣಗಿಸಿದ್ದೆಲ್ಲ ಸರಿ, ಆದ್ರೆ ಮೋಡ ಮುಚ್ಚಿಕೊಂಡು ಬಿಸಿಲೇ ಸಾಲಲಿಲ್ಲ. ಸಿಪ್ಪೆ ಬಿಡಲಿಲ್ಲ, ಬೀಸಿದ್ರೆ ಅರ್ಧಕ್ಕರ್ಧ ನುಚ್ಚು. ಐವತ್ತು ಕೆಜಿಗೆ ಮೂವತ್ತು ಕೆಜಿ ಬೇಳೆ ಸಿಗ್ತೋ ಇಲ್ವೋ. ನುಚ್ಚನ್ನ ಬಿಸಾಡೋ ಹಾಗಿಲ್ಲ, ತಿಂಗಳಾನುಗಟ್ಟಲೆ ನುಚ್ಚಿನುಂಡೆ ತಿಂದು ಮಕ್ಕಳು ಅದರ ಹೆಸರು ಹೇಳಿದ್ರೆ ಈಗ್ಲೂ ಎದ್ದು ಓಡ್ತಾರೆ.

ಎರಡನೇ ವರ್ಷ ಕಾಳನ್ನ ಹಲ್ಲಿಗೆ ಹಾಕಿ ನೋಡೋದು ಕಲಿತೆ. ಕಚ್ಚಿದ್ರೆ ಟಕ್ ಅಂತ ಎರಡು ಹೋಳಾಗಬೇಕು, ಸಿಪ್ಪೆ ನಾಲಿಗೆ ಮೇಲೆ ಬೇರೆ ಉಳಿಬೇಕು. ಮೆತ್ತಗೆ ಅಪ್ಪಚ್ಚಿ ಆದ್ರೆ ಇನ್ನೊಂದು ಬಿಸಿಲು ಬೇಕು ಅಂತ. ಆ ಸಲ ಐವತ್ತು ಕೆಜಿಗೆ ಮೂವತ್ತೈದು ಮೂವತ್ತಾರು ಕೆಜಿ ಬೇಳೆ ಬಿತ್ತು. ಕಾಳಿಗೆ 3600 ಆಸುಪಾಸು, ಒಡೆಸೋಕೆ 250 ಇರಬೇಕು. ಕೆಜಿಗೆ 107ರಿಂದ 110 ಬಿದ್ದ ಹಾಗಾಯ್ತು, ಅಂಗಡೀಲಿ ಆಗ 130ರ ಮೇಲಿತ್ತು. ಸಾವಿರದ ಹತ್ತಿರ ಉಳಿಸೋಕೆ ಇಷ್ಟು ಪಾಡಾ ಅಂತ ಕೇಳಿದ್ರು. ನಾನು ನೋಡಿದ್ದು ಆ ಸಾವಿರ ಅಲ್ಲ. ಹತ್ತು ತಿಂಗಳು ಬೇಳೆ ಅನ್ನೋ ಸಾಲು ನನ್ನ ತಿಂಗಳ ಪುಸ್ತಕದಲ್ಲಿ ಇರಲಿಲ್ಲ, ಅದು. ಹಿಂದೆ 170, 180 ಕೊಟ್ಟು ಬೇಳೆ ತಂದೋರಿಗೆ ಇದರ ಬೆಲೆ ಗೊತ್ತು.

ಕಾಳು ತರೋಕೆ ಊರಿಗೆ ಹೋಗೋದು ಶಕ್ತಿ ಬಸ್ಸಲ್ಲೇ. 2025ರ ಜನವರಿಯಲ್ಲಿ ಟಿಕೆಟ್ ದರ ಶೇ. 15 ಏರಿತಲ್ಲ, ಆಮೇಲಂತೂ ಯಜಮಾನರನ್ನ ಕರ್ಕೊಂಡು ಹೋಗೋದೇ ನಿಲ್ಲಿಸಿದೆ. ನಾನು, ಅತ್ತೆ, ಇಬ್ಬರ ಕೈಲೂ ಒಂದೊಂದು ಗಂಟು.

ರಾಗಿ ಬಗ್ಗೆ ಹೇಳೋದೇನಿಲ್ಲ, ರಾಗಿಗೆ ಹುಳ ಬೀಳಲ್ಲ, ಮೂಟೆ ತಂದು ಇಟ್ರೆ ಮುಗೀತು. ರೇಷನ್ನಲ್ಲಿ ರಾಗಿ ಕೊಟ್ಟ ತಿಂಗಳು ಮೂಟೆ ಬಿಚ್ಚಲ್ಲ, ಅಷ್ಟೆ. ಹುಣಸೆಹಣ್ಣು ನಮ್ಮ ತುಮಕೂರು ಮಂಡಿಯಲ್ಲೇ. ಬೀಜ ಬಿಡಿಸದ್ದು ತಗೊಂಡು ಮನೇಲಿ ಕುಟ್ಟಿ ಬಿಡಿಸಿ ಉಪ್ಪು ಹಾಕಿ ಗಡಿಗೆಗೆ ತುಂಬೋದು. ಯಾವ ಹೊತ್ತಿಗೆ ಹೋದ್ರೆ ಒಳ್ಳೆ ರೇಟಿಗೆ ಸಿಗುತ್ತೆ ಅನ್ನೋದನ್ನ ನಾನು ಇಲ್ಲಿ ಬರೆಯಲ್ಲ, ಬರೆದ್ರೆ ಮುಂದಿನ ವರ್ಷ ನನಗೇ ಸಿಗಲ್ಲ.

ಇನ್ನು ಅಕ್ಕಿ. 2025ರ ಫೆಬ್ರವರಿಯಲ್ಲಿ 170 ರೂಪಾಯಿ ನಿಲ್ಲಿಸಿ ಅಕ್ಕಿನೇ ಕೊಡ್ತೀವಿ ಅಂದ್ರು. ಮಾರ್ಚಲ್ಲಿ ಹಿಂದಿನ ತಿಂಗಳ ಬಾಕಿನೂ ಸೇರಿ ತಲೆಗೆ 15 ಕೆಜಿ. ಐದು ತಲೆಗೆ 75 ಕೆಜಿ ನಮ್ಮ ಎರಡು ಕೋಣೆ ಮನೆಗೆ ಬಂದು ಕೂತಿತು. ಮಂಚದ ಕೆಳಗೆ ಮೂಟೆ, ಹೊಲಿಗೆ ಮೆಷಿನ್ ಪಕ್ಕ ಮೂಟೆ. ದುಡ್ಡು ಹೋಗಿ ಅಕ್ಕಿ ಬಂದ್ರೆ ಬೆಲೆ ಅಷ್ಟೇ ಅಲ್ವಾ ಅಂತ ಕೆಲವರು ಅಂದ್ರು. ಹಾಲಿನವನು ಅಕ್ಕಿ ತಗೊಳ್ಳಲ್ಲ! ನನ್ನ ನಿಯಮದಲ್ಲಿ ಉಳಿದಿದ್ದ ಒಂದೇ ತೂತು ಈ 850 ರೂಪಾಯಿ ಹಾಲಿನ ಲೆಕ್ಕ. ಅದು ನಿಂತ ಬೆನ್ನಿಗೇ ಏಪ್ರಿಲ್ ಒಂದಕ್ಕೆ ಹಾಲು ಲೀಟರಿಗೆ 4 ರೂಪಾಯಿ ಏರಿತು.

ಹಾಲು ಅರ್ಧಕ್ಕೆ ಇಳಿಸಿದ್ವಿ. ಮಕ್ಕಳಿಬ್ಬರೂ ಸರ್ಕಾರಿ ಶಾಲೆ, ಅಲ್ಲಿ ಹಾಲಿದೆ, ಬಿಸಿಯೂಟ ಇದೆ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆನೂ ಇದೆ. ಮನೇಲಿ ಹಾಲು ಬೇಕಾಗಿದ್ದು ನಮ್ಮ ಟೀಗೆ, ಮೊಸರಿಗೆ. ಒಂದು ಹೊತ್ತಿನ ಟೀ ಹೋಗಿ ಬೆಲ್ಲದ ಕಷಾಯ ಬಂತು. ಯಜಮಾನರು ವಾರ ಮುಖ ಊದಿಸ್ಕೊಂಡಿದ್ರು, ಆಮೇಲೆ ಕೆಲಸದ ಹತ್ರ ಕುಡಿದು ಬರ್ತಾರೆ ಅಂತ ಗೊತ್ತಾಯ್ತು. ಹೋಗಲಿ ಬಿಡಿ.

ಅಕ್ಕಿಗೆ ಆಟೋ ಬರ್ತಿತ್ತು ಬೀದಿಗೆ, ಕೆಜಿಗೆ 14, 15 ಕೊಡ್ತೀವಿ ಅಂತ. ರೇಷನ್ ಅಕ್ಕಿ ಮಾರೋದು ಅಪರಾಧ, ಕಾರ್ಡೇ ಹೋಗುತ್ತೆ. 2024ರ ನವೆಂಬರಲ್ಲಿ ಬಿಪಿಎಲ್ ಕಾರ್ಡ್ ರದ್ದಾದ ಗಲಾಟೆ ಜನ ಅಷ್ಟು ಬೇಗ ಮರೆತರಾ? ಅದೂ ಅಲ್ಲದೆ, ಸರ್ಕಾರ 34 ರೂಪಾಯಿ ಲೆಕ್ಕ ಕಟ್ಟಿದ್ದ ಅಕ್ಕಿನ ಹದಿನೈದಕ್ಕೆ ಕೊಡೋದು ಯಾವ ಜಾಣತನ? ನಾನು ಅಕ್ಕಿನ ಬೇಕರಿ ದುಡ್ಡಿಗೆ ಬದಲಾಯಿಸಿದೆ. ಅಂದ್ರೆ ಮಕ್ಕಳ ಬನ್ನು, ಪಫ್ಸು, ಚಿಪ್ಸಿಗೆ ತಿಂಗಳಿಗೆ ನಾನೂರು ಐನೂರು ಹೋಗ್ತಿತ್ತು, ಆ ಜಾಗಕ್ಕೆ ಅಕ್ಕಿ ಹಿಟ್ಟಿನ ನಿಪ್ಪಟ್ಟು, ಚಕ್ಕುಲಿ, ಬೇಸಿಗೇಲಿ ವರ್ಷಕ್ಕಾಗೋಷ್ಟು ಸಂಡಿಗೆ. ದೋಸೆಗೆ ಈ ಅಕ್ಕಿ ಚೆನ್ನಾಗೇ ಬರುತ್ತೆ, ಇಡ್ಲಿಗೆ ಬರಲ್ಲ. ಇಡ್ಲಿ ಗಟ್ಟಿಯಾಗಿ ಅತ್ತೆ ಹಲ್ಲಿಗೆ ಬಂದಿತ್ತು. ಅರ್ಧಕ್ಕೆ ಅಕ್ಕಿ ತರಿ ಮಾಡಿ ಹಾಕಿ ನೋಡಿದೆ, ಆಯ್ತು ಅನ್ನೋ ಹಾಗಾಯ್ತು.

ಅಕ್ಕಿಯಲ್ಲಿ ಬೆಳ್ಳಗೆ ಬೇರೆ ಥರ ಕಾಣೋ ಕಾಳನ್ನ ಪ್ಲಾಸ್ಟಿಕ್ ಅಂತ ಆರಿಸಿ ಎಸೆಯೋರು ಇನ್ನೂ ಇದ್ದಾರೆ. ಅದು ಕಬ್ಬಿಣದ ಅಂಶ ಸೇರಿಸಿ ಮಾಡಿದ ಕಾಳು, ನೂರಕ್ಕೆ ಒಂದರಂತೆ ಬೆರೆಸಿದ್ದು. ಎಸೀಬೇಡಿ.

75 ಕೆಜಿಗೆ ನುಸಿ ಬೀಳದೆ ಇರುತ್ತಾ? ಬಿತ್ತು. ಬೇವಿನ ಸೊಪ್ಪು, ಒಣಮೆಣಸಿನಕಾಯಿ ಹಾಕೋದು ಎಲ್ಲರಿಗೂ ಗೊತ್ತು, ಮೇ ತಿಂಗಳ ಸೆಕೆಗೆ ಅದು ಏನೂ ಸಾಲಲ್ಲ. ಬೇಳೆಗೆ ಹರಳೆಣ್ಣೆ ಸವರೋದು ಪಕ್ಕಾ ಕೆಲಸ ಮಾಡುತ್ತೆ, ಅಕ್ಕಿಗೆ ಹಚ್ಚಿದ್ರೆ ಅನ್ನ ವಾಸನೆ ಅಂತ ಮಕ್ಕಳು ತಟ್ಟೆ ತಳ್ಳಿದ್ವು. ಕೊನೆಗೆ ತವರಲ್ಲಿ ಅಮ್ಮ ಹಾಕ್ತಿದ್ದ ಇನ್ನೊಂದನ್ನ ಹಾಕಿದೆ, ಒಂದು ಹುಳ ಇಲ್ಲ. ಅದೇನು ಅಂತ ಕೇಳಬೇಡಿ, ಅದೊಂದು ನನ್ನ ಹತ್ರಾನೇ ಇರಲಿ.

ಗೃಹಜ್ಯೋತಿಲೂ ಒಂದು ಆಟ ಇದೆ. ನಮ್ಮ 2022-23ರ ಸರಾಸರಿ 34 ಯೂನಿಟ್. ಶುರುವಲ್ಲಿ ಅದರ ಮೇಲೆ ಶೇ. 10 ಅಂದ್ರು, ಅಂದ್ರೆ ಮೂರು ಚಿಲ್ಲರೆ ಯೂನಿಟ್ ಮಾತ್ರ ಹೆಚ್ಚು. 2024ರ ಜನವರಿಯಲ್ಲಿ 48 ಯೂನಿಟ್ ಒಳಗಿರೋರಿಗೆ 10 ಯೂನಿಟ್ ಹೆಚ್ಚು ಅಂತ ಬದಲಾಯ್ತು, ನಮಗೆ 44 ಸಿಕ್ತು. ಮಿತವಾಗಿ ಸುಟ್ಟೋರಿಗೇ ಕಮ್ಮಿ ಸಿಕ್ಕಿದ್ದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. 44 ಮೀರಿದ್ರೆ ಮೀರಿದ್ದಕ್ಕೆ ಬಿಲ್ಲು. ಹೊಲಿಗೆ ಮೆಷಿನ್ ಮೋಟರ್ ಹತ್ತು ಗಂಟೆ ಓಡಿದ್ರೆ ಒಂದು ಯೂನಿಟ್ ಆಗಬಹುದು. ತಿನ್ನೋದು ಇಸ್ತ್ರಿ ಪೆಟ್ಟಿಗೆ, ಅದು ಒಂದೇ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ತಿಂದು ಹಾಕುತ್ತೆ. ಒಂದೊಂದು ಬ್ಲೌಸಿಗೂ ಪೆಟ್ಟಿಗೆ ಕಾಯಿಸೋದು ಬಿಟ್ಟು, ಎಲ್ಲ ಕೂಡಿಟ್ಟು ವಾರಕ್ಕೆ ಎರಡು ಸಲ ಒಟ್ಟಿಗೆ ಉಜ್ಜೋದು ಮಾಡಿದೆ. ಐದಾರು ಯೂನಿಟ್ ಇಳಿದಿದೆ. ಈಗ ಬಿಲ್ಲು ಸೊನ್ನೆ, ಮದುವೆ ಸೀಸನ್ ಒಂದು ಬಿಟ್ಟು.

ಗ್ಯಾಸು 2025ರ ಏಪ್ರಿಲಲ್ಲಿ 50 ರೂಪಾಯಿ ಏರಿದ ಮೇಲೆ ಪೆಟ್ಟಿಗೆ ಅಡುಗೆ ಪ್ರಯೋಗಕ್ಕೂ ಇಳಿದೆ. ಥರ್ಮಾಕೋಲ್ ಡಬ್ಬದಲ್ಲಿ ಹಳೇ ಕಂಬಳಿ ಹಾಸಿ, ಕುದಿಯೋ ಅನ್ನದ ಪಾತ್ರೆ ಇಟ್ಟು ಮುಚ್ಚೋದು. ಅನ್ನ ಆಗುತ್ತೆ, ಮುಕ್ಕಾಲು ಗಂಟೆ ಬಿಡಬೇಕು. ಬೇಳೆ ಬೇಯಲ್ಲ. ಹುರುಳಿಕಾಳು ಇಟ್ಟು ಮರೆತು ಸಂಜೆ ತೆಗೆದ್ರೆ ಹುಳಿ ವಾಸನೆ, ಅಷ್ಟೂ ಯಾರದೋ ಎಮ್ಮೆಗೆ ಹೋಯ್ತು. ಸ್ನಾನದ ನೀರನ್ನ ತೆಂಗಿನ ಮಟ್ಟೆ ಒಲೆಗೆ ಹಾಕಿದ್ದೇ ದೊಡ್ಡ ಉಳಿತಾಯ, ಸಿಲಿಂಡರು ನಲವತ್ತು ದಿನ ಬರ್ತಿದ್ದಿದ್ದು ಎರಡು ತಿಂಗಳು ಮುಟ್ಟುತ್ತೆ.

2025ರ ಅಕ್ಟೋಬರಲ್ಲಿ ಮತ್ತೆ ಬದಲಾವಣೆ ಅಂದ್ರು: ಆ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡೋಕೆ ಸಂಪುಟ ಒಪ್ಪಿದೆ ಅಂತ. ಅಷ್ಟು ಕೇಳಿದ್ದೇ ನಮ್ಮತ್ತೆ, "ಹಂಗಾದ್ರೆ ಇನ್ನು ತೊಗರಿ ಬೇಡ ಬಿಡೇ" ಅಂದ್ರು. ಕಿಟ್ ಮೂರು ನಾಲ್ಕು ತಿಂಗಳು ತಪ್ಪದೆ ಬಂದು ಕೈಗೆ ಸೇರಿದ ಮೇಲೆ ಐವತ್ತು ಕೆಜಿನ ಇಪ್ಪತ್ತೈದಕ್ಕೆ ಇಳಿಸೋಣ ಅಂದಿದ್ದೀನಿ. ಅಲ್ಲೀವರೆಗೂ ಹಳೇ ಲೆಕ್ಕವೇ. ಅಣ್ಣನಿಗೆ ಫೋನ್ ಮಾಡಿ ಈ ಸಲದ ಮೂಟೆ ಹೇಳಿ ಆಗಿದೆ, ಈಗ ಅವನು ನಗಲ್ಲ, ಅವನ ಹೆಂಡ್ತಿನೂ ನನ್ನ ಜೊತೆ ಅರ್ಧ ಮೂಟೆ ಬೇಳೆ ಮಾಡ್ತೀನಿ ಅಂತ ಕೂತಿದ್ದಾಳೆ.