ಬುನ್ಯುಯೆಲ್ ಚಿತ್ರಗಳಲ್ಲಿ ಯಾವುದು ಮೇಲು? ದಾವಣಗೆರೆಯಲ್ಲಿ ನಾವು ಚರ್ಚೆ ನಡೆಸುವ ಬಗೆ

ಸ್ಪೇನಿನ ಸಿನಿಮಾ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಚಿತ್ರಗಳಲ್ಲಿ ಅತ್ಯುತ್ತಮ ಯಾವುದು ಅಂತ ಹತ್ತು ಜನರನ್ನು ಕೂರಿಸಿ ಕೇಳಿ ನೋಡಿ. ಮೊದಲ ಅರ್ಧ ಗಂಟೆ ‘ಅದರ ಅರ್ಥ ಏನು’ ಅನ್ನುವುದಕ್ಕೇ ಹೋಗುತ್ತದೆ, ಉಳಿದದ್ದು ಯಾರ ದನಿ ದೊಡ್ಡದೋ ಅವರ ಪಾಲು. ದಾವಣಗೆರೆಯ ಪಿ.ಜೆ. ಬಡಾವಣೆಯ ಮಹಡಿ ಕೋಣೆಯೊಂದರಲ್ಲಿ ಸಿನಿಮಾ ಹುಚ್ಚಿನ ನಾವು ಕೆಲವರು ಈ ಚರ್ಚೆಗೆ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಚಿತ್ರ ಆರಿಸುವುದು, ತೋರಿಸುವುದು, ಮಾತಾಡಿಸುವುದು, ಮತ ಎಣಿಸುವುದು ನಾಲ್ಕರಲ್ಲೂ ಎಡವಲು ಜಾಗ ಇದೆ.

ಬುನ್ಯುಯೆಲ್ 1929ರಿಂದ 1977ರವರೆಗೆ ಫ್ರಾನ್ಸ್, ಸ್ಪೇನ್, ಮೆಕ್ಸಿಕೊ ಅಂತ ಓಡಾಡಿಕೊಂಡು ಮೂವತ್ತಕ್ಕೂ ಹೆಚ್ಚು ಚಿತ್ರ ಮಾಡಿದ. ಅಷ್ಟನ್ನೂ ಪಟ್ಟಿಗೆ ಹಾಕಿದರೆ ಯಾರೂ ಅರ್ಧದಷ್ಟೂ ನೋಡಿರುವುದಿಲ್ಲ. ಎಂಟು ಸಾಕು: ‘ಲೋಸ್ ಓಲ್ವಿದಾದೋಸ್’ (1950), ‘ಎಲ್’ (1953), ‘ನಸಾರಿನ್’ (1959), ‘ವಿರಿದಿಯಾನ’ (1961), ‘ದಿ ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್’ (1962), ‘ಬೆಲ್ ದ ಜೂರ್’ (1967), ‘ದಿ ಡಿಸ್ಕ್ರೀಟ್ ಚಾರ್ಮ್ ಆಫ್ ದಿ ಬೂರ್ಜ್ವಾಸಿ’ (1972), ‘ದಟ್ ಅಬ್ಸ್‌ಕ್ಯೂರ್ ಆಬ್ಜೆಕ್ಟ್ ಆಫ್ ಡಿಸೈರ್’ (1977). ಚಿಕ್ಕ ಚಿತ್ರಗಳಿಗೆ ಬೇರೆಯೇ ಪಟ್ಟಿ ಇರಲಿ: ‘ಉನ್ ಶಿಯೆನ್ ಆಂದಲೂ’ (1929), ‘ಲಾಸ್ ಉರ್ದೆಸ್’ (1933), 45 ನಿಮಿಷದ ‘ಸೈಮನ್ ಆಫ್ ದಿ ಡೆಸರ್ಟ್’ (1965). ದೊಡ್ಡವುಗಳ ಜತೆ ಇವನ್ನು ಸೇರಿಸಿದರೆ ‘ಇಪ್ಪತ್ತು ನಿಮಿಷದ್ದನ್ನ ಎರಡು ಗಂಟೆಯದರ ಎದುರು ತೂಗಬಹುದಾ’ ಎಂಬ ತಕರಾರಿನಲ್ಲೇ ರಾತ್ರಿ ಮುಗಿಯುತ್ತದೆ.

ತೋರಿಸುವ ಕ್ರಮಕ್ಕೆ ಬೆಲೆ ಇದೆ. 1929ರ ಚಿತ್ರದಿಂದಲೇ ಶುರು ಮಾಡುವುದು ಎಲ್ಲರ ಚಾಳಿ. ಕಣ್ಣನ್ನು ಕ್ಷೌರದ ಕತ್ತಿಯಿಂದ ಸೀಳುವ ದೃಶ್ಯ ಮೊದಲ ದಿನವೇ ಬಂದರೆ ಹೊಸಬರು ಮುಂದಿನ ವಾರ ಬರುವುದಿಲ್ಲ, ಬಂದವರು ಪ್ರತಿ ಚಿತ್ರದಲ್ಲೂ ಅಂಥದ್ದನ್ನೇ ಕಾಯುತ್ತಾರೆ. (ಅದು ಸತ್ತ ಕರುವಿನ ಕಣ್ಣು, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.) ನಾವು ‘ಲೋಸ್ ಓಲ್ವಿದಾದೋಸ್’ನಿಂದ ಹಿಡಿಯುತ್ತೇವೆ. ಮೆಕ್ಸಿಕೊ ಸಿಟಿಯ ಕೊಳೆಗೇರಿ, ಬೀದಿ ಹುಡುಗರು, ಹಸಿವು. ನಮ್ಮ ಪ್ರೇಕ್ಷಕರಿಗೆ ಇದಕ್ಕೆ ಪೀಠಿಕೆ ಬೇಕಿಲ್ಲ. ಕತೆಗೆ ಒಗ್ಗಿಕೊಂಡ ಮೇಲೆ ಆ ಹುಡುಗರಲ್ಲೊಬ್ಬನಾದ ಪೆದ್ರೊನ ಕನಸು ಬರುತ್ತದೆ. ತಾಯಿ ನಿಧಾನಗತಿಯಲ್ಲಿ ಹಸಿ ಮಾಂಸ ಹಿಡಿದು ಬರುತ್ತಾಳೆ, ಮಂಚದ ಕೆಳಗಿಂದ ಇನ್ನೊಂದು ಕೈ ಅದನ್ನು ಕಸಿಯುತ್ತದೆ. ಅತಿವಾಸ್ತವ (ಕನಸನ್ನೂ ನಿಜವನ್ನೂ ಬೆಸೆಯುವ ಸರ್ರಿಯಲಿಸಂ) ಎಂದರೆ ಏನು ಅಂತ ಭಾಷಣ ಬಿಗಿಯುವ ಕೆಲಸ ಅಲ್ಲಿಗೆ ತಪ್ಪುತ್ತದೆ. ಈ ಚಿತ್ರಕ್ಕೆ ಸುಖಾಂತ್ಯದ ಇನ್ನೊಂದು ಕೊನೆಯೂ ಚಿತ್ರೀಕರಣವಾಗಿತ್ತು. ಕೆಲವು ಡಿಸ್ಕ್‌ಗಳಲ್ಲಿ ಅದು ಹೆಚ್ಚುವರಿಯಾಗಿ ಬರುತ್ತದೆ. ಚರ್ಚೆ ಮುಗಿದ ಮೇಲೆ ಹಾಕಿ, ಮೊದಲು ಬೇಡ.

ಸಲಕರಣೆ ಹೆಚ್ಚೇನಿಲ್ಲ. 3000 ಲ್ಯೂಮೆನ್ಸ್ ಪ್ರೊಜೆಕ್ಟರ್, ಮೂಲೆಯಿಂದ ಮೂಲೆಗೆ 120 ಇಂಚಿನ ಪರದೆ, ಅಂದರೆ ಸುಮಾರು ಎಂಟೂಮುಕ್ಕಾಲು ಅಡಿ ಅಗಲ, ಐದು ಅಡಿ ಎತ್ತರ. ಬೇಸಿಗೆಯಲ್ಲಿ ಏಳು ಗಂಟೆಗೆ ಮುಂಚೆ ನಮ್ಮಲ್ಲಿ ಕತ್ತಲಾಗುವುದಿಲ್ಲ, ಕಿಟಕಿಗೆ ದಪ್ಪ ಪರದೆ ಇಲ್ಲದಿದ್ದರೆ ಕಪ್ಪು-ಬಿಳುಪು ಚಿತ್ರ ಬೂದಿ ಬೂದಿಯಾಗಿ ಕಾಣುತ್ತದೆ. ಕರೆಂಟು ಹೋದರೆ ಪ್ರೊಜೆಕ್ಟರ್ ಥಟ್ಟನೆ ಆರುತ್ತದೆ; ಬಲ್ಬು ತಣ್ಣಗಾಗದೆ ಮತ್ತೆ ಹೊತ್ತಿಕೊಳ್ಳದು, ಆಯುಷ್ಯವೂ ಕಡಿಮೆಯಾಗುತ್ತದೆ, ಹಾಗಾಗಿ ಯುಪಿಎಸ್ ಬೇಕೇ ಬೇಕು. ಪ್ರೊಜೆಕ್ಟರನ್ನು ‘ಸಿನಿಮಾ’ ಮೋಡ್‌ಗೆ ಹಾಕಿ. ‘ವಿವಿಡ್’ನಲ್ಲಿ ಬಿಟ್ಟರೆ ಕಪ್ಪು-ಬಿಳುಪಿಗೆ ನೀಲಿ ಛಾಯೆ ಬರುತ್ತದೆ. ‘ಲೋಸ್ ಓಲ್ವಿದಾದೋಸ್’ನಂಥ ಹಳೆಯ ಮೆಕ್ಸಿಕೊ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಹಳೇ ಟೀವಿಯಷ್ಟೇ ಅಗಲ. ಪರದೆ ತುಂಬಲಿ ಎಂದು ಹಿಗ್ಗಿಸಿದರೆ ಮುಖಗಳೆಲ್ಲ ಅಡ್ಡಡ್ಡ ಆಗುತ್ತವೆ. ಎಡಬಲದ ಕಪ್ಪು ಪಟ್ಟಿ ಇರಬೇಕಾದದ್ದೇ.

ಧ್ವನಿಯನ್ನು ‘ನಸಾರಿನ್’ ಕೊನೆಯ ಎರಡು ನಿಮಿಷದಲ್ಲಿ ಪರೀಕ್ಷಿಸಿ. ಚಿತ್ರದುದ್ದಕ್ಕೂ ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಕೊನೆಗೆ ಒಮ್ಮೆಲೇ ಬುನ್ಯುಯೆಲ್‌ನ ಹುಟ್ಟೂರು ಕಲಾಂದದ ಡೋಲುಗಳು ಹೊಡೆಯುತ್ತವೆ. ಮಾತು ಕೇಳಲಿ ಎಂದು ಏರಿಸಿಟ್ಟ ಸಣ್ಣ ಸ್ಪೀಕರ್ ಅಲ್ಲಿ ಒಡಕು ದನಿ ಮಾಡಿ ಇಡೀ ಅಂತ್ಯವನ್ನೇ ಕೆಡಿಸುತ್ತದೆ.

ಸಬ್‌ಟೈಟಲ್ ಅತಿ ಹೆಚ್ಚು ಸಮಯ ತಿನ್ನುವ ಕೆಲಸ. ಇಂಗ್ಲಿಷಿನಿಂದ ಕನ್ನಡಕ್ಕೆ ನಾವೇ ಮಾಡಿಕೊಳ್ಳುತ್ತೇವೆ. ಒಂದು ಸಲಕ್ಕೆ ಎರಡೇ ಸಾಲು, ಎಷ್ಟೇ ಚಿಕ್ಕ ಮಾತಾದರೂ ಒಂದೂವರೆ ಸೆಕೆಂಡಿಗಿಂತ ಕಡಿಮೆ ಬೇಡ. ಫೈಲನ್ನು ಕನ್ನಡ ಅಕ್ಷರ ಹಿಡಿಯುವ ಯುಟಿಎಫ್-8 ಎಂಬ ಸಂಕೇತದಲ್ಲಿ ಉಳಿಸದಿದ್ದರೆ ಪರದೆ ತುಂಬ ಪ್ರಶ್ನೆಚಿಹ್ನೆಗಳು. ಹಳೇ ಪ್ಲೇಯರ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತವೆ. ಅಂಥ ಕಡೆ ಸಬ್‌ಟೈಟಲನ್ನು ಚಿತ್ರದ ಮೇಲೇ ಅಚ್ಚು ಹಾಕಿಸಿದ ಫೈಲ್ ಒಯ್ಯುವುದು ಕ್ಷೇಮ. ಸಾಲುಗಳು ಮೊದಲಿಂದ ಕೊನೆವರೆಗೆ ಒಂದೇ ಸಮ ಹಿಂದೆ-ಮುಂದೆ ಇದ್ದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಜಿ, ಎಚ್ ಕೀಲಿಗಳಿಂದ ಸರಿಮಾಡಬಹುದು. ಶುರುವಿನಲ್ಲಿ ಸರಿಯಿದ್ದು ಬರುಬರುತ್ತಾ ದೂರ ಸರಿದರೆ ಅದು ಫ್ರೇಮ್ ವೇಗದ ತೊಂದರೆ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಯುರೋಪಿನ ಟೀವಿಗಾಗಿ 25ಕ್ಕೆ ಓಡಿಸಿದ ಕಾಪಿಯಲ್ಲಿ ನಿಮಿಷಕ್ಕೆ 2.4 ಸೆಕೆಂಡು ವ್ಯತ್ಯಾಸ ಬೆಳೆಯುತ್ತದೆ. ಅದಕ್ಕೆ ಜಿ, ಎಚ್ ಒತ್ತಿ ಫಲವಿಲ್ಲ, ಸಬ್‌ಟೈಟಲ್ ಫೈಲಿನ ವೇಗವನ್ನೇ ಬದಲಿಸಬೇಕು.

ಲ್ಯಾಪ್‌ಟಾಪ್ ಮುಂದೆ ಕೂರುವವರಿಗೆ ಒಂದು ಚೀಟಿ ಬರೆದುಕೊಡಿ: ಬುನ್ಯುಯೆಲ್ ಬೇಕೆಂದೇ ಮಾಡಿದ ‘ದೋಷ’ಗಳ ಪಟ್ಟಿ. ‘ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್’ನಲ್ಲಿ ಅತಿಥಿಗಳು ಬಂಗಲೆಯೊಳಗೆ ಎರಡು ಸಲ ಬರುತ್ತಾರೆ, ಯಜಮಾನ ಎರಡು ಸಲ ಗ್ಲಾಸೆತ್ತಿ ಮಾತಾಡುತ್ತಾನೆ. ಫೈಲ್ ಕೆಟ್ಟಿತೆಂದು ಮುಂದೆ ಓಡಿಸುವ ಕೈ ಅಲ್ಲಿ ತಡೆಯಬೇಕು. ಇದರಲ್ಲಿ ನಾಚಿಕೆಯೇನೂ ಇಲ್ಲ. ಆ ಚಿತ್ರದ ಛಾಯಾಗ್ರಾಹಕ ಗೇಬ್ರಿಯಲ್ ಫಿಗೆರೋವಾ ಅಂಥವನೇ ಸಂಕಲನದಲ್ಲಿ ತಪ್ಪಾಗಿದೆ ಅಂತ ಗಾಬರಿಯಾಗಿದ್ದ. ‘ಡಿಸ್ಕ್ರೀಟ್ ಚಾರ್ಮ್’ನಲ್ಲಿ ಮಂತ್ರಿ ಬಾಯಿಬಿಟ್ಟು ಕಾರಣ ಹೇಳುವ ಹೊತ್ತಿಗೇ ವಿಮಾನದ ಸದ್ದು ಮಾತನ್ನು ನುಂಗುತ್ತದೆ. ಅಲ್ಲಿ ವಾಲ್ಯೂಮ್ ಏರಿಸಬಾರದು, ಸಬ್‌ಟೈಟಲ್ ಖಾಲಿ ಬಿಡಬೇಕು. 1977ರ ಕೊನೆಯ ಚಿತ್ರದಲ್ಲಿ ಕೊಂಚಿತಾ ಪಾತ್ರವನ್ನು ಕರೋಲ್ ಬುಕೆ, ಆಂಹೆಲಾ ಮೊಲಿನಾ ಇಬ್ಬರೂ ಸರದಿಯಂತೆ ಮಾಡುತ್ತಾರೆ. ಇದನ್ನು ಮುಂಚೆ ಹೇಳಲೇಬೇಡಿ. ಚಿತ್ರ ಮುಗಿದ ಮೇಲೆ ‘ಯಾರಿಗೆ ಯಾವಾಗ ಗೊತ್ತಾಯಿತು’ ಅಂತ ಕೈ ಎತ್ತಿಸಿ. ಚರ್ಚೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇನ್ನು 1929ರ ಮೂಕಿಚಿತ್ರ, ಓಡಿಸುವ ವೇಗದ ಮೇಲೆ, 16 ನಿಮಿಷವೂ ಆಗುತ್ತದೆ, 21 ನಿಮಿಷವೂ ಆಗುತ್ತದೆ. ಕಾಪಿ ಕತ್ತರಿಸಿದ್ದಾರೆಂದು ಜಗಳ ಬೇಡ.

ಈಗ ಮಾತಿನ ವಿಚಾರ. ನಮ್ಮ ಕಡೆ ವಚನ ಓದಿಕೊಂಡವರು ಯಾವ ಸಭೆಗೆ ಹೋದರೂ ಸಿಗುತ್ತಾರೆ. ಅಂಥವರು ಬುನ್ಯುಯೆಲ್ ನೋಡಿದ ಕೂಡಲೇ ಅಲ್ಲಮನ ಬೆಡಗಿನ ವಚನ ತೆಗೆಯುತ್ತಾರೆ: ಇದಕ್ಕೂ ಒಂದು ಟೀಕೆ, ಅಂದರೆ ಅರ್ಥವಿವರಣೆ, ಇರಬೇಕು, ಕೀಲಿ ಸಿಕ್ಕರೆ ಒಗಟು ಬಿಚ್ಚಿಕೊಳ್ಳುತ್ತದೆ. ವಾದ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ನಿಲ್ಲುತ್ತದೆ. 1929ರ ಚಿತ್ರವನ್ನು ವರ್ಣಚಿತ್ರಕಾರ ಸಾಲ್ವಡೋರ್ ಡಾಲಿ ಜತೆ ಬರೆಯುವಾಗ ತರ್ಕಕ್ಕೆ ಸಿಗುವ ಯಾವ ಬಿಂಬವನ್ನೂ ಒಪ್ಪಬಾರದು ಎಂಬುದೇ ಇಬ್ಬರ ನಿಯಮವಾಗಿತ್ತು. ಅಲ್ಲಿ ಕೀಲಿಯೇ ಇಲ್ಲ. ‘ವಿರಿದಿಯಾನ’ದಲ್ಲಿ ಭಿಕ್ಷುಕರು ಏಸುವಿನ ಕೊನೆಯ ಭೋಜನದ ಭಂಗಿಯಲ್ಲಿ ಕೂರುವಾಗ ಮಾತ್ರ ಕೀಲಿ ಕಣ್ಣಿಗೆ ಹೊಡೆಯುವ ಹಾಗೆ ಎದುರಿಗೇ ಇದೆ. ಆದ್ದರಿಂದ ನಮ್ಮ ನಿಯಮ ಇಷ್ಟು: ಒಬ್ಬರಿಗೆ ಎರಡು ನಿಮಿಷ, ಒಂದು ದೃಶ್ಯ ಹೆಸರಿಸಬೇಕು, ಅದರಲ್ಲಿ ಕಂಡದ್ದು, ಕೇಳಿದ್ದು ಮೊದಲು, ಅರ್ಥ ಆಮೇಲೆ. ಪಟ್ಟಿಯಲ್ಲಿರುವ ಇನ್ನೊಂದು ಚಿತ್ರದ ಜತೆ ಹೋಲಿಸಿಯೇ ಹೊಗಳಬೇಕು. ಕೇಳಿದರೆ ಆ ದೃಶ್ಯದ ಒಂದೂವರೆ ನಿಮಿಷವನ್ನು ಮತ್ತೆ ಹಾಕುತ್ತೇವೆ. ಅದಕ್ಕೆ ಚಿತ್ರ ಓಡುವಾಗಲೇ ಒಬ್ಬರು ಗಂಟೆ-ನಿಮಿಷ ಗುರುತು ಹಾಕಿಕೊಂಡಿರಬೇಕು.

‘ಬೆಲ್ ದ ಜೂರ್’ ದಿನ ಈ ನಿಯಮ ತುಂಬಾ ಕೆಲಸಕ್ಕೆ ಬರುತ್ತದೆ. ವೇಶ್ಯಾಗೃಹಕ್ಕೆ ಬಂದ ಗಿರಾಕಿಯೊಬ್ಬ ಚಿಕ್ಕ ಪೆಟ್ಟಿಗೆ ತೆರೆದು ತೋರಿಸುತ್ತಾನೆ, ಒಳಗಿಂದ ಗುಂಯ್ ಅನ್ನುತ್ತದೆ, ಒಳಗಿರುವುದು ನಮಗೆ ಕಾಣುವುದಿಲ್ಲ. ‘ಅಲ್ರೀ, ಆ ಪೆಟ್ಟಿಗ್ಯಾಗೆ ಏನೈತಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬುನ್ಯುಯೆಲ್‌ಗೂ ಜೀವಮಾನವಿಡೀ ಜನ ಇದನ್ನೇ ಕೇಳಿದರು, ನಿಮಗೆ ಬೇಕಾದದ್ದು ಅಂದುಕೊಳ್ಳಿ ಅಂತ ಅವನು ಕೈ ತೊಳೆದುಕೊಂಡ. ಪೆಟ್ಟಿಗೆ ಬಿಟ್ಟು ಸುತ್ತಲಿನ ಮುಖ ನೋಡಲು ಹೇಳಿ. ಒಬ್ಬಳು ಬೇಡವೆನ್ನುತ್ತಾಳೆ, ನಾಯಕಿ ಕತರೀನ್ ದನೊವ್ ಒಪ್ಪುತ್ತಾಳೆ. ದೃಶ್ಯ ಇರುವುದು ಅಲ್ಲಿ. ಈ ಚಿತ್ರಕ್ಕೆ ಹದಿನೆಂಟು ದಾಟಿದವರನ್ನಷ್ಟೇ ಕರೆಯಿರಿ.

‘ಸೈಮನ್’, ‘ವಿರಿದಿಯಾನ’ ಹಾಕುವ ಮೊದಲು ಧರ್ಮದ ಗೇಲಿ ಇದೆ ಎಂದು ಪ್ರಕಟಣೆಯಲ್ಲೇ ತಿಳಿಸಿ. 1961ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಡೆದ ‘ವಿರಿದಿಯಾನ’ ಸ್ಪೇನಿನಲ್ಲಿ 1977ರವರೆಗೆ ಬಿಡುಗಡೆಯಾಗಲಿಲ್ಲ. ನಮ್ಮೂರಲ್ಲಿ ‘ಸೈಮನ್’ಗೆ ಜನ ಬೇಗ ನಗುತ್ತಾರೆ. ಕಂಬದ ಮೇಲೆ ನಿಂತ ಸಂತ ಪವಾಡ ಮಾಡಿ ಒಬ್ಬನಿಗೆ ಕಡಿದುಹೋದ ಕೈಗಳನ್ನು ಮರಳಿ ಕೊಡುತ್ತಾನೆ. ಅವನು ಹೊಸ ಕೈಯಿಂದ ಮಾಡುವ ಮೊದಲ ಕೆಲಸವೇ ಮಗಳಿಗೆ ಒಂದು ಏಟು. ಮಠ, ಜಾತ್ರೆ ಕಂಡವರಿಗೆ ಇದಕ್ಕೆ ವಿವರಣೆ ಬೇಡ.

ನನ್ನ ಮತ ‘ವಿರಿದಿಯಾನ’ಕ್ಕೆ, ಭೋಜನದ ದೃಶ್ಯಕ್ಕಾಗಿ ಅಲ್ಲ. ಗಾಡಿಯ ಅಚ್ಚಿಗೆ ಕಟ್ಟಿದ ನಾಯಿ ಚಕ್ರದ ಜತೆ ಓಡುತ್ತಿರುವುದನ್ನು ಹೋರ್ಹೆ ಎಂಬ ಪಾತ್ರ ನೋಡುತ್ತಾನೆ, ಕನಿಕರಪಟ್ಟು ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಾನೆ. ಅವನು ಬೆನ್ನು ತಿರುಗಿಸುತ್ತಿದ್ದಂತೆ ಎದುರಿಂದ ಇನ್ನೊಂದು ಗಾಡಿ ಬರುತ್ತದೆ, ಅದರಡಿಯಲ್ಲೂ ನಾಯಿ. ಆ ಎರಡನೇ ಗಾಡಿಗೆ ಒಂದು ಮಾತಿಲ್ಲ, ಸಂಗೀತವಿಲ್ಲ. ನಾಯಕಿ ವಿರಿದಿಯಾನ ಭಿಕ್ಷುಕರಿಗೆ ಆಶ್ರಯ ಕೊಡುವ ಇಡೀ ಕತೆಯನ್ನು ಬುನ್ಯುಯೆಲ್ ಇಷ್ಟರಲ್ಲಿ ಹೇಳಿ ಮುಗಿಸಿದ್ದಾನೆ. ‘ಡಿಸ್ಕ್ರೀಟ್ ಚಾರ್ಮ್’ಗೆ ಆಸ್ಕರ್ ಬಂದಿರುವುದರಿಂದ ಅದು ಎಲ್ಲ ಪಟ್ಟಿಗಳಲ್ಲೂ ತಾನಾಗಿ ಮೇಲೇರುತ್ತದೆ. ಊಟಕ್ಕೆ ಕೂತವರ ಎದುರು ಪರದೆ ಸರಿದು ಅವರು ರಂಗದ ಮೇಲಿರುವುದು ಗೊತ್ತಾಗುವ ಭಾಗ ಬಿಟ್ಟರೆ ಅಷ್ಟು ಎತ್ತರದ್ದಲ್ಲ ಅನ್ನುವುದು ನನ್ನ ಹಟ. ‘ಎಲ್’ ಬಗ್ಗೆ ಯಾರೂ ಮಾತೇ ಎತ್ತುವುದಿಲ್ಲ, ಅದು ಅನ್ಯಾಯ. ಸಂಶಯದ ಗಂಡನ ಕತೆ ಬೇಕಾದಷ್ಟಿವೆ; ಯಾರೋ ಇಣುಕುತ್ತಿದ್ದಾರೆಂದು ಬೀಗದ ಕಿಂಡಿಗೆ ಉದ್ದ ಸೂಜಿ ತೂರಿಸುವ ಗಂಡ ಇವನೊಬ್ಬನೇ. ಕೊನೆಯ ಚಿತ್ರಗಳ ಸಹಲೇಖಕ ಜಾನ್-ಕ್ಲೋದ್ ಕ್ಯಾರಿಯೇರ್. ಇಂಗ್ಲಿಷ್ ರಂಗನಿರ್ದೇಶಕ ಪೀಟರ್ ಬ್ರೂಕ್‌ನ ‘ಮಹಾಭಾರತ’ ನಾಟಕ ಬರೆದವನೂ ಅವನೇ ಎಂದರೆ ರಂಗಭೂಮಿಯವರು ಕುರ್ಚಿ ಮುಂದಕ್ಕೆಳೆದುಕೊಳ್ಳುತ್ತಾರೆ.

ಮತ ಎಣಿಸುವಾಗ ಅಂಕ ಕೊಡುವ ಪದ್ಧತಿ ಬೇಡ. ಮೊದಲ ಸ್ಥಾನಕ್ಕೆ 8, ಎರಡನೆಯದಕ್ಕೆ 7 ಹೀಗೆ ಕೊಟ್ಟರೆ ಹೆಚ್ಚು ಜನ ನೋಡಿದ ಚಿತ್ರವೇ ಗೆಲ್ಲುತ್ತದೆ. ಲೆಕ್ಕ ಹಾಕಿ: ಇಪ್ಪತ್ತು ಜನರೂ ‘ಡಿಸ್ಕ್ರೀಟ್ ಚಾರ್ಮ್’ ನೋಡಿ ಐದನೇ ಸ್ಥಾನಕ್ಕೆ ಹಾಕಿದರು ಅಂದುಕೊಳ್ಳಿ, 4 ಅಂಕದಂತೆ 80. ‘ನಸಾರಿನ್’ ನೋಡಿದವರು ಒಂಬತ್ತೇ ಜನ, ಒಂಬತ್ತೂ ಜನ ಮೊದಲ ಸ್ಥಾನ ಕೊಟ್ಟರೂ 72. ಎರಡನ್ನೂ ನೋಡಿದವರು ಒಬ್ಬರೂ ‘ಡಿಸ್ಕ್ರೀಟ್ ಚಾರ್ಮ್’ ಮೇಲು ಅನ್ನದಿದ್ದರೂ ಅದೇ ಗೆದ್ದಿತು.

ಅದಕ್ಕೇ ಜೋಡಿ ಲೆಕ್ಕ. ಪ್ರತಿಯೊಬ್ಬರೂ ತಾವು ಪೂರ್ತಿ ನೋಡಿದ ಚಿತ್ರಗಳನ್ನಷ್ಟೇ ಕ್ರಮವಾಗಿ ಬರೆಯಬೇಕು. ಎಂಟು ಚಿತ್ರಕ್ಕೆ 28 ಜೋಡಿ. ಒಂದೊಂದು ಜೋಡಿಗೂ, ಎರಡನ್ನೂ ನೋಡಿದವರ ಚೀಟಿಗಳಲ್ಲಿ ಯಾವುದು ಮೇಲಿದೆ ಅಂತ ಎಣಿಸಿ. ಎರಡನ್ನೂ ನೋಡಿದವರು ಐದಕ್ಕಿಂತ ಕಡಿಮೆ ಇದ್ದರೆ ಆ ಜೋಡಿಯನ್ನು ಬಿಟ್ಟುಬಿಡಿ. ಗೆದ್ದ ಜೋಡಿಗಳ ಸಂಖ್ಯೆಯನ್ನು ಲೆಕ್ಕಕ್ಕೆ ಬಂದ ಜೋಡಿಗಳಿಂದ ಭಾಗಿಸಿದರೆ ಸ್ಥಾನ ಸಿಕ್ಕಿತು. ಇಪ್ಪತ್ತು ಚೀಟಿಯನ್ನು ಇಬ್ಬರು ಕೂತು, ಮಂಡಕ್ಕಿ-ಮಿರ್ಚಿ ಖಾಲಿಯಾಗುವಷ್ಟರಲ್ಲಿ ಮುಗಿಸಬಹುದು. ಎಣ್ಣೆ ಕೈಯಲ್ಲಿ ಚೀಟಿ ಮುಟ್ಟಬೇಡಿ ಅಷ್ಟೆ, ಪೆನ್ಸಿಲ್ ಬರಹ ಅಳಿಸಿಹೋಗುತ್ತದೆ.

ಚೀಟಿ ಎರಡು ಸಲ ಬರೆಸಿ. ಚರ್ಚೆಗೆ ಮುಂಚೆ ಒಂದು, ಮುಗಿದ ಮೇಲೆ ಇನ್ನೊಂದು. ಹರಿಹರ, ಹರಪನಹಳ್ಳಿ ಬಸ್ಸು ಹಿಡಿಯುವವರು ಕೊನೆವರೆಗೆ ಇರುವುದಿಲ್ಲ. ಅವರ ಮೊದಲ ಚೀಟಿಯನ್ನೇ ಎರಡನೆಯದಕ್ಕೂ ಸೇರಿಸಿದರೆ ಹೋಲಿಕೆ ಕೆಡುತ್ತದೆ, ಎರಡೂ ಬರೆದವರದನ್ನು ಮಾತ್ರ ಹೋಲಿಸಿ. ಕೆಲವೊಮ್ಮೆ ‘ವಿರಿದಿಯಾನ’ ‘ಏಂಜೆಲ್’ಅನ್ನು ಸೋಲಿಸುತ್ತದೆ, ‘ಏಂಜೆಲ್’ ‘ಓಲ್ವಿದಾದೋಸ್’ಅನ್ನು, ‘ಓಲ್ವಿದಾದೋಸ್’ ಮರಳಿ ‘ವಿರಿದಿಯಾನ’ವನ್ನು. ಎಣಿಕೆಯಲ್ಲಿ ತಪ್ಪಾಯಿತೆಂದು ಮತ್ತೆ ಮತ್ತೆ ಚೀಟಿ ಸುರಿಯುವುದು ಬೇಡ, ಜೋಡಿ ಲೆಕ್ಕದಲ್ಲಿ ಇದು ಆಗುವಂಥದ್ದೇ. ಮೂರಕ್ಕೂ ಒಂದೇ ಸ್ಥಾನ ಕೊಟ್ಟು, ಯಾವುದು ಯಾವುದನ್ನು ಎಷ್ಟು ಮತದಿಂದ ಸೋಲಿಸಿತು ಎಂಬ ಪೂರ್ತಿ ಕೋಷ್ಟಕವನ್ನು ಗೋಡೆಗೆ ಅಂಟಿಸಿ.