ತಮ್ಮ ಬರೆದಿಟ್ಟ ಅಳತೆಗಳು

ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟೊಂದು ಕೈಗೆ ಸಿಕ್ಕ ದಿನದಿಂದ ಬಯಾಪ್ಸಿಯ ವರದಿ ಬರುವವರೆಗೆ ನಾನು ಒಡಹುಟ್ಟಿದವರಿಗೆ ಏನನ್ನೂ ಹೇಳಲಿಲ್ಲ. ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು, ಮಗ ಪುಣೆಯಲ್ಲಿದ್ದ, ಮಂಡ್ಯದ ಮನೆಯಲ್ಲಿ ನಾನೊಬ್ಬಳೇ. ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ತಮ್ಮ, ಮೈಸೂರಿನಲ್ಲಿ ತಂಗಿ ಇದ್ದರೂ ಅವರಿಬ್ಬರ ನಡುವೆ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಅಪ್ಪ ಹೋದ ಮೇಲೆ, ಹೆಣ್ಣುಮಕ್ಕಳಿಗೂ ಸಮಪಾಲು ಎನ್ನುವ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು ಮುಂದಿಟ್ಟು ತಂಗಿ ಗದ್ದೆಯಲ್ಲಿ ತನ್ನ ಹಿಸ್ಸೆ ಕೇಳಿದ್ದಳು. ಅವಳು ಕೇಳಿದ್ದು ನ್ಯಾಯವೇ ಆಗಿದ್ದರೂ ಹಿರಿಯಳಾದ ನಾನು ನನ್ನ ಪಾಲಿನ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿ, ಇಬ್ಬರಿಗೂ ಏನೂ ಹೇಳದೆ ಸುಮ್ಮನಾಗಿಬಿಟ್ಟಿದ್ದೆ.

ತಂಗಿಗೆ ಹೇಳುವುದು ಸುಲಭವಾಯಿತು. ಆದರೆ ನಮ್ಮ ಕಡೆ ಅಕ್ಕನಾದವಳು ತಮ್ಮನ ಮುಂದೆ ಇಂಥ ಮಾತು ಎತ್ತುವ ರೂಢಿಯಿಲ್ಲ. ಎದೆಯಲ್ಲಿ ತೊಂದರೆ ಎಂದಾಗ ಅವನು ಹೃದಯದ ಕಾಯಿಲೆಯೆಂದೇ ತಿಳಿದು ಗಾಬರಿಯಾದ. ಅಲ್ಲ, ಸ್ತನದ ಕ್ಯಾನ್ಸರ್ ಎಂದು ನೇರವಾಗಿ ಹೇಳಿದೆ. ಬಹಳ ಹೊತ್ತು ಅವನಿಂದ ಮಾತೇ ಹೊರಡಲಿಲ್ಲ. ಆಮೇಲೆ, "ಆಪ್ರೇಷನ್ ಯಾವತ್ತಕ್ಕೋ, ನಾನ್ ಬತ್ತೀನಿ" ಎಂದ.

ಚಿಕಿತ್ಸೆಗೆ ಮುನ್ನ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ನಿಮ್ಮಿಂದ ಏನಾಗುತ್ತದೆ ಎಂದು ಕೇಳುವ ಬದಲು, ನಿಮ್ಮಿಂದ ಯಾವುದು ಆಗುವುದಿಲ್ಲ ಎಂದು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದೆ. ಹೊಲಿಗೆ ಹಾಕಿದ ಗಾಯವನ್ನು ನೋಡಲು ತನ್ನಿಂದ ಸಾಧ್ಯವಿಲ್ಲ ಎಂದು ತಂಗಿ ಅತ್ತುಕೊಂಡು ಒಪ್ಪಿಕೊಂಡಳು. ಡಾಕ್ಟರ ಹತ್ತಿರ ಮಾತಾಡಲು, ಅರ್ಜಿ ತುಂಬಲು ತನಗೆ ಬಾಯಿ ಬರುವುದಿಲ್ಲ ಎಂದು ತಮ್ಮ ಹೇಳಿದ. ಹೀಗಾಗಿ ಕಡತ, ವರದಿ, ಹಣಕಾಸಿನ ಕಾಗದಗಳೆಲ್ಲ ತಂಗಿಗೆ ಹೋದವು. ಹೆಣ್ಣು ಮಾಡಬೇಕೆಂದು ಎಲ್ಲರೂ ತಿಳಿದಿದ್ದ ಗಾಯದ ಆರೈಕೆ ತಮ್ಮನ ಪಾಲಿಗೆ ಬಂತು.

ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಸ್ತನದ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದ ಮೇಲೆ ನಾನು ಊರಿಗೆ, ತಮ್ಮನ ಮನೆಗೆ ಹೋದೆ. ಪಕ್ಕೆಯಲ್ಲಿ ಡ್ರೇನ್ ಕೊಳವೆ, ಅದರ ತುದಿಗೆ ಕೆಂಪು ನೀರು ತುಂಬುವ ಡಬ್ಬಿ. ದಿನಕ್ಕೆರಡು ಬಾರಿ ಅದನ್ನು ಖಾಲಿ ಮಾಡಿ, ಅಳತೆ ಬರೆದು, ಡಬ್ಬಿಯನ್ನು ಅದುಮಿ ಗಾಳಿ ಹೊರಹಾಕಿ ಮತ್ತೆ ಮುಚ್ಚಬೇಕಿತ್ತು. ತಮ್ಮ ಹಾಲಿನ ಡೇರಿಯ ಕಾರ್ಯದರ್ಶಿ. ಬೆಳಗಿನ ಹಾಲು ಕಳಿಸಿ ಬಂದವನೇ ಸೋಪು ಹಚ್ಚಿ ಕೈ ತೊಳೆದು, ಅಳತೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಲ್ಯಾಕ್ಟೋಮೀಟರ್ ನೋಡುವಂತೆ ಮಂಡಿಯೂರಿ ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದುತ್ತಿದ್ದ. ಹಳೆಯ ಡೇರಿ ಪುಸ್ತಕದ ಹಾಳೆಯಲ್ಲಿ ಬೆಳಿಗ್ಗೆ, ಸಂಜೆ ಎಂಬ ಎರಡು ಕಲಂ ಎಳೆದು, ಮೊದಲ ದಿನ ಒಟ್ಟು 120 ಎಂ.ಎಲ್., ಆಮೇಲೆ 95, 70, 45 ಎಂದು ದುಂಡಗೆ ಬರೆದಿಟ್ಟ. ಎರಡು ದಿನ ಸತತವಾಗಿ 30ಕ್ಕಿಂತ ಕಡಿಮೆ ಬಂದರೆ ಕೊಳವೆ ತೆಗೆಯುತ್ತೇವೆಂದು ಡಾಕ್ಟರು ಹೇಳಿದ್ದರು. 28 ಬಂದ ಸಂಜೆ ಅವನು ಆ ಸಂಖ್ಯೆಯನ್ನು ನನಗೆ ಎರಡು ಸಲ ಓದಿ ಹೇಳಿದ. ಆ ಹನ್ನೊಂದು ದಿನಗಳಲ್ಲಿ ಅವನು ಒಮ್ಮೆಯೂ ಮುಖ ತಿರುಗಿಸಲಿಲ್ಲ, ನಾನೂ ನಾಚಿಕೊಳ್ಳಲಿಲ್ಲ. ಗ್ರಂಥಿ ತೆಗೆದ ಕಡೆಯ ಎಡಗೈಯಲ್ಲಿ ಬಿ.ಪಿ. ನೋಡಬಾರದು, ಸೂಜಿ ಚುಚ್ಚಬಾರದು ಎಂಬುದನ್ನು ಮುಂದೆ ಪ್ರತಿ ನರ್ಸಿಗೂ ನನಗಿಂತ ಮೊದಲು ಹೇಳುತ್ತಿದ್ದವನು, ಮಾತೇ ಬರುವುದಿಲ್ಲ ಎಂದಿದ್ದ ಅವನೇ.

ಆದರೆ ಅಳತೆಗಳು ಅವನಿಂದ ನನಗೆ, ನನ್ನಿಂದ ತಂಗಿಗೆ ಹೋಗುತ್ತಿದ್ದವೇ ಹೊರತು ಅವರಿಬ್ಬರು ಮಾತಾಡಿರಲಿಲ್ಲ. ಎರಡನೆಯ ಕೀಮೋ ಆದ ಒಂಬತ್ತನೆಯ ರಾತ್ರಿ ನನಗೆ ಚಳಿ ಹತ್ತಿ, ಥರ್ಮಾಮೀಟರ್ 101 ತೋರಿಸಿತು. ತಮ್ಮನ ಹೆಂಡತಿ ಜ್ವರದ ಮಾತ್ರೆ ತಂದಳು. ತಂಗಿ ಬರೆದು ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿ '100.4 ದಾಟಿದರೆ ಕಾಯಬಾರದು' ಎಂದಿತ್ತು. ತಮ್ಮ ಚೀಟಿ ನೋಡಿದ, ನನ್ನನ್ನು ನೋಡಿದ, ಅವಳಿಗೆ ಫೋನ್ ಮಾಡಿದ. "ಅಣ್ಣಾ, ಮಾತ್ರೆ ಕೊಡಬೇಡ, ಜ್ವರ ಮರೆಯಾಗಿಬಿಡುತ್ತೆ. ಈಗಲೇ ಹೊರಡು, ನಾನು ಆಸ್ಪತ್ರೆ ಬಾಗಿಲಲ್ಲೇ ಇರ್ತೀನಿ" ಎಂದು ಅವಳು ಹೇಳಿದ್ದು ನನಗೂ ಕೇಳಿಸಿತು. ಕೀಮೋದಿಂದ ಬಿಳಿ ರಕ್ತಕಣಗಳು ಕುಸಿದಾಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಜೀವಕ್ಕೇ ಕುತ್ತು ತರಬಹುದು. ಹೋದ ತಕ್ಷಣ ಆಂಟಿಬಯಾಟಿಕ್ ಡ್ರಿಪ್ ಹಾಕಿದರು. ಬೆಳಗಿನ ಜಾವ ಕಣ್ಣು ಬಿಟ್ಟಾಗ ಬಾಗಿಲಾಚೆಯ ಒಂದೇ ಬೆಂಚಿನಲ್ಲಿ ಇಬ್ಬರೂ ಕೂತಿದ್ದರು. ಅವಳು ಅವನ ಪುಸ್ತಕದ ಅಳತೆಗಳನ್ನು ತನ್ನ ಕಡತಕ್ಕೆ ಇಳಿಸಿಕೊಳ್ಳುತ್ತಿದ್ದಳು.

ಉಳಿದ ಕೀಮೋ, ಮೂರು ವಾರದ ರೇಡಿಯೇಷನ್ ಎಲ್ಲವೂ ಹೆಚ್ಚಿನ ತೊಂದರೆಯಿಲ್ಲದೆ ಕಳೆದವು. ನಿಜವಾದ ಕಷ್ಟ ವಂಶವಾಹಿ ಪರೀಕ್ಷೆಯದಾಯಿತು. ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದಾಗ ನಾವು ಅಮ್ಮನ ಕಡೆಯವರನ್ನಷ್ಟೇ ಎಣಿಸಿ ಇಲ್ಲ ಎಂದಿದ್ದೆವು. ಎದೆಯ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಸತ್ತ ಸೋದರತ್ತೆಯನ್ನು ನೆನಪಿಸಿದವನು ತಮ್ಮ. ನನ್ನ ರಕ್ತದಲ್ಲಿ ಬಿಆರ್‌ಸಿಎ2 ಎಂಬ ವಂಶವಾಹಿಯ, ಕ್ಯಾನ್ಸರಿನ ಅಪಾಯ ಹೆಚ್ಚಿಸುವ ದೋಷ ಕಂಡುಬಂತು. ಅಪ್ಪನ ಕಡೆಯಿಂದಲೂ ಇದು ಬರುತ್ತದೆ, ಗಂಡಸರಿಗೂ ಇರುತ್ತದೆ, ಒಡಹುಟ್ಟಿದ ಪ್ರತಿಯೊಬ್ಬರಿಗೂ ಇರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಆಪ್ತಸಮಾಲೋಚಕರು ವಿವರಿಸಿದರು. ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಾನು ಯಾರನ್ನೂ ಒತ್ತಾಯಿಸಲಿಲ್ಲ, ಏಕೆಂದರೆ ಆ ತಿಳಿವಳಿಕೆಯ ಭಾರವನ್ನು ಹೊರಬೇಕಾದವರು ಅವರೇ. ಎರಡು ತಿಂಗಳ ನಂತರ ಇಬ್ಬರೂ ಒಟ್ಟಿಗೇ ಹೋಗಿ ರಕ್ತ ಕೊಟ್ಟರು.

ತಂಗಿಗೆ ಇರಲಿಲ್ಲ. ತಮ್ಮನಿಗಿತ್ತು. ತನಗಿಲ್ಲವೆಂದು ಬಿಕ್ಕಿ ಬಿಕ್ಕಿ ಅತ್ತ ತಂಗಿಯನ್ನು ಅವನೇ ಸಮಾಧಾನ ಮಾಡಿದ. ಇನ್ನು ಅವನು ಪ್ರಾಸ್ಟೇಟ್ ತಪಾಸಣೆಯನ್ನು ತಪ್ಪದೆ ಮಾಡಿಸಿಕೊಳ್ಳಬೇಕು, ತನ್ನ ಎದೆಯನ್ನೂ ಗಮನಿಸುತ್ತಿರಬೇಕು. ಪಿಯುಸಿ ಓದುತ್ತಿರುವ ಅವನ ಮಗಳು ವಯಸ್ಕಳಾದ ಮೇಲೆ ಪರೀಕ್ಷೆಯ ವಿಷಯವನ್ನು ಅವಳೇ ತೀರ್ಮಾನಿಸುವಂತೆ ಎಲ್ಲವನ್ನೂ ತಿಳಿಸಬೇಕು. ಅದನ್ನು ಹೇಳುವ ಕೆಲಸ ನನ್ನದೆಂದು ಮೂವರೂ ಒಪ್ಪಿದ್ದೇವೆ. ಗದ್ದೆಯ ಹಿಸ್ಸೆ ಇನ್ನೂ ಆಗಿಲ್ಲ, ಅದರ ಬಗ್ಗೆ ಈಗಲೂ ಇಬ್ಬರೂ ದನಿ ಏರಿಸುತ್ತಾರೆ, ಆದರೆ ನನ್ನ ಮನೆಯ ಪಡಸಾಲೆಯಲ್ಲಿ ಎದುರುಬದುರು ಕೂತು. ನಾನೂ ಈಗ ಸುಮ್ಮನಿರುವುದಿಲ್ಲ, ಅವಳ ಪಾಲು ಅವಳಿಗೆ ಸೇರಬೇಕೆಂದು ತಮ್ಮನೆದುರೇ ಹೇಳುತ್ತೇನೆ. ಹೋದ ತಿಂಗಳು ತಂಗಿ ಇನ್ನೊಂದು ಕಡತ ತಂದು, ಮೇಲೆ ತನ್ನ ಅಕ್ಷರದಲ್ಲಿ ಅವನ ಹೆಸರು ಬರೆದು, ಮುಂದಿನ ತಪಾಸಣೆಯ ತಾರೀಖು ಹಾಕಿ ನನ್ನ ಕಡತದ ಪಕ್ಕದಲ್ಲಿಟ್ಟು ಹೋದಳು.